ಅರುವತ್ತರ ಮೇಲೆ ನಗರವಿದ್ಯೆ

ನಿವೃತ್ತನಾದ ಉಪಾಧ್ಯಾಯನು ಏನು ಮಾಡಬೇಕೆಂಬ ವಿಷಯದಲ್ಲಿ ಲೋಕಕ್ಕೆ ಯಾವ ಸಂದೇಹವೂ ಇಲ್ಲ. ಬೆಳಗ್ಗೆ ವಾಯುಸೇವನೆ, ಮಧ್ಯಾಹ್ನ ಪತ್ರಿಕೆಯ ಪಾರಾಯಣ, ಸಂಜೆ ದೇವಸ್ಥಾನದ ಜಗುಲಿ, ನಡುನಡುವೆ ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು. ಇಷ್ಟಾದರೆ ಅವನ ಆಶ್ರಮಧರ್ಮವು ಸಾಂಗವಾಯಿತೆಂದು ಎಲ್ಲರೂ ಒಪ್ಪುವರು. ಸಂಸ್ಕೃತ ಬಲ್ಲವನಾದರಂತೂ ಗೃಹಪ್ರವೇಶಕ್ಕೆ ಮುಹೂರ್ತ ಕೇಳಬಂದವರಿಗೆ ಉತ್ತರ ಹೇಳುವ ಕೆಲಸವೊಂದು ಹೆಚ್ಚು. ನಾವು ಮೂವತ್ತನಾಲ್ಕು ವರ್ಷಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ, ಅರುವತ್ತು ತುಂಬಿದ ತಿಂಗಳ ಕಡೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದೆವು. ಮಕ್ಕಳು ಷಷ್ಟ್ಯಬ್ದಪೂರ್ತಿಯ ಶಾಂತಿಗೆ ಸಿದ್ಧತೆ ನಡೆಸಿದ್ದರು. ಶಾಂತಿಯನ್ನು ಮನೆಯ ಮಟ್ಟಿಗೆ ಸಂಕ್ಷೇಪವಾಗಿ ಮುಗಿಸಿ, ಛತ್ರಕ್ಕೂ ಅಡಿಗೆಯವರಿಗೂ ಎತ್ತಿಟ್ಟಿದ್ದ ಹಣವನ್ನು ನಮ್ಮ ಕೈಗೆ ಕೊಡಿರೆಂದು ಕೇಳಿದೆವು. ಏತಕ್ಕೆಂದರು. ನಗರನೀತಿ ಮತ್ತು ನಗರನಿರ್ವಹಣೆ ಎಂಬ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಶುಲ್ಕ ಕಟ್ಟುವುದಕ್ಕೆ ಎಂದೆವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಮ್ಮ ಮನೆಯಾಕೆ ಮಾತ್ರ, "ಕಾಲೇಜಿಗೆ ಬುತ್ತಿ ಕಟ್ಟಿಕೊಡಬೇಕೋ?" ಎಂದು ಕೇಳಿದಳು.

ಬುತ್ತಿಯ ಅಗತ್ಯ ಬೀಳಲಿಲ್ಲ. ಕಾಲೇಜು ನಮ್ಮ ನಡುಮನೆಯಲ್ಲಿಯೇ, ಮಗನು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನ ಪರದೆಯ ಮೇಲೆ, ವಾರಕ್ಕೆ ನಾಲ್ಕು ಸಂಜೆ ತೆರೆಯುತ್ತಿತ್ತು. ಮನೆಯಲ್ಲಿ ಕುಳಿತು ಪದವಿ ಪಡೆಯುವುದನ್ನು ಕಲಿಕಾಲದ ವಿಚಿತ್ರವೆಂದು ಭಾವಿಸುವ ಹಿರಿಯರು ಉಂಟು. ಅದು ಅಷ್ಟೇನೂ ಹೊಸದಲ್ಲ. ಲಂಡನ್ ವಿಶ್ವವಿದ್ಯಾಲಯವು ತನ್ನ ಅಂಗಳಕ್ಕೆ ಕಾಲಿಡದವರಿಗೂ ೧೮೫೮ರಿಂದಲೇ ಪರೀಕ್ಷೆ ಮಾಡಿ ಪದವಿ ಕೊಡತೊಡಗಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾಲಯವು ೧೯೬೨ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡು ಮಾಡಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ೧೯೬೯ರಲ್ಲಿ ಅಂತಹ ಶಾಖೆಯೊಂದು ಹುಟ್ಟಿ, ಅದೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಮ್ಮ ಸಹೋದ್ಯೋಗಿಗಳಲ್ಲಿ ಅರ್ಧದಷ್ಟು ಮಂದಿ ಎಂ.ಎ. ಆದದ್ದು ಅಂಚೆಯವನ ಚೀಲದಿಂದಲೇ. ೨೦೧೭ರಲ್ಲಿ ಕೇಂದ್ರಸರಕಾರವು 'ಸ್ವಯಂ' ಎಂಬ ಅಂತರ್ಜಾಲ ಪಾಠಮಾಲೆಯನ್ನು ತೆರೆಯಿತು. ೨೦೨೦ರ ಯು.ಜಿ.ಸಿ. ನಿಯಮಗಳು, ಅನುಮತಿ ಪಡೆದ ಆನ್‌ಲೈನ್ ಪದವಿಯನ್ನು ಕಾಲೇಜಿಗೆ ನಡೆದುಹೋಗಿ ಪಡೆದ ಪದವಿಗೆ ಸಮಾನವೆಂದು ವಿಧಿಸಿದವು. 'ಅನುಮತಿ ಪಡೆದ' ಎಂಬ ವಿಶೇಷಣದ ಮೇಲೆ ವಾಚಕರು ಗಮನವಿಡಬೇಕು. ಮಕ್ಕಳಿಗಾಗಲಿ ತಮಗಾಗಲಿ ಶುಲ್ಕ ಕಟ್ಟುವ ಮುನ್ನ ಆ ಪಟ್ಟಿಯಲ್ಲಿ ಸಂಸ್ಥೆಯ ಹೆಸರೂ ವ್ಯಾಸಂಗದ ಹೆಸರೂ ಎರಡೂ ಇವೆಯೇ ಎಂದು ನೋಡಿಕೊಳ್ಳುವುದು ಅವಶ್ಯ. ಜಾಹಿರಾತಿನ ಥಳಕಿಗೆ ಮರುಳಾಗಿ ಹಣ ಕಳೆದುಕೊಂಡವರನ್ನು ನಾವು ಬಲ್ಲೆವು.

ಆದರೆ ಕಾಳಿದಾಸನನ್ನೂ ಕಾರಕಪ್ರಕರಣವನ್ನೂ ಪಾಠ ಹೇಳಿಕೊಂಡಿದ್ದವರಿಗೆ ಚರಂಡಿಯ ಶಾಸ್ತ್ರವೇಕೆ ಬೇಕಾಯಿತೆಂದು ಕೇಳುವವರೇ ಹೆಚ್ಚು. ಆ ಬೀಜವನ್ನು ಬಿತ್ತಿದವನು ಕೌಟಿಲ್ಯ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅರ್ಥಶಾಸ್ತ್ರದ ತಾಳೆಯ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ್ದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಅದರ ಎರಡನೆಯ ಅಧಿಕರಣದ ಕಡೆಯ ಅಧ್ಯಾಯವು ನಾಗರಕನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುತ್ತದೆ. ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೊಬ್ಬ ಗೋಪ. ಪಟ್ಟಣದ ನಾಲ್ಕನೆಯ ಒಂದು ಭಾಗಕ್ಕೊಬ್ಬ ಸ್ಥಾನಿಕ. ಬೀದಿಯಲ್ಲಿ ಮಣ್ಣು ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ, ಕೆಸರುನೀರು ಕಟ್ಟಿ ದಾರಿ ಕೆಡಿಸಿದವನಿಗೆ ಕಾಲು ಪಣ, ರಾಜಮಾರ್ಗವಾದರೆ ಎರಡರಷ್ಟು. ಸತ್ತ ಬೆಕ್ಕು ನಾಯಿಗಳನ್ನು ಊರೊಳಗೆ ಎಸೆದರೆ ಮೂರು ಪಣ. ರೋಗದಿಂದಲೋ ಔಷಧದ ವೇಗದಿಂದಲೋ ಭಯದಿಂದಲೋ ಬೀದಿಯನ್ನು ಮಲಿನ ಮಾಡಿದವನಿಗೆ ಮಾತ್ರ ದಂಡವಿಲ್ಲ. ಈ ಕಡೆಯ ವಿನಾಯಿತಿಯನ್ನು ಓದಿದಾಗಲೆಲ್ಲ, ಗ್ರಂಥಕರ್ತನು ಅರಮನೆಯಲ್ಲಿ ಕುಳಿತು ಬರೆದವನಲ್ಲ, ಬೀದಿಯಲ್ಲಿ ನಡೆದು ನೋಡಿದವನು ಎಂದು ನಮಗೆ ತೋರುತ್ತಿತ್ತು. ಇಷ್ಟು ಕೂಲಂಕಷವಾಗಿ ವಿಧಿಸಿದ ನಾಡಿನಲ್ಲಿ ನಮ್ಮ ಶಾಲೆಯ ಮುಂದಿನ ಮೋರಿ ಮೂವತ್ತನಾಲ್ಕು ವರ್ಷವೂ ಕಟ್ಟಿಕೊಂಡೇ ಇದ್ದಿತೇಕೆ? ಈ ಪ್ರಶ್ನೆಯನ್ನು ಅನೇಕ ಕೌನ್ಸಿಲರುಗಳಿಗೆ ಕೇಳಿದ್ದೆವು. ಶಾಸ್ತ್ರವನ್ನೇ ಕೇಳಿಬಿಡೋಣವೆಂದು ಸೇರಿದೆವು.

ತರಗತಿಯ ವಿಚಾರವನ್ನು ಮೇಷ್ಟ್ರ ಕಣ್ಣಿನಿಂದ ಸ್ವಲ್ಪ ಹೇಳಬೇಕು. ನಮ್ಮ ಅಧ್ಯಾಪಿಕೆ ನಮ್ಮ ಮಗಳಿಗಿಂತ ಚಿಕ್ಕವರು, ವಿಷಯದಲ್ಲಿ ಗಟ್ಟಿಗರು. ಸಂಜೆ ಏಳಕ್ಕೆ ಅವರ ಮುಖ ಪರದೆಯಲ್ಲಿ ಮೂಡುವುದು. ಸುತ್ತಲೂ ನಲವತ್ತೆರಡು ಕಪ್ಪು ಚೌಕಗಳು; ಚೌಕದೊಳಗೆ ಹೆಸರಿನ ಮೊದಲ ಅಕ್ಷರ. ವಿದ್ಯಾರ್ಥಿಗಳು ತಮ್ಮ ಕ್ಯಾಮರಾ ಮುಚ್ಚಿಕೊಂಡು, ಒಬ್ಬನು ಬಸ್ಸಿನಲ್ಲಿ, ಒಬ್ಬಳು ಅಡಿಗೆಮನೆಯಲ್ಲಿ, ಇನ್ನೊಬ್ಬನು ಬಹುಶಃ ನಿದ್ರೆಯಲ್ಲಿ ಇರುವರು. ಪಾಠ ಹೇಳುವವನಿಗೆ ಎದುರಿನ ಮುಖವೇ ದೀಪ. ಯಾವ ಹುಡುಗನ ಹುಬ್ಬು ಗಂಟಾಯಿತೆಂದು ನೋಡಿ ತಾನೆ ನಾವು ಒಂದು ಸೂತ್ರವನ್ನು ಮತ್ತೆ ವಿವರಿಸುತ್ತಿದ್ದುದು? ಆ ತಾಯಿ ಕಪ್ಪು ಗೋಡೆಗೆ ಪಾಠ ಹೇಳುವುದನ್ನು ಕಂಡು ಮರುಕಗೊಂಡು, ಎರಡು ವರ್ಷವೂ ನಾವು ನಮ್ಮ ಚೌಕವನ್ನು ತೆರೆದೇ ಇಟ್ಟೆವು. ಅರ್ಥವಾದ ಕಡೆ ತಲೆಯಾಡಿಸಿದೆವು. ಆಗದ ಕಡೆ ಧಾರಾಳವಾಗಿ ಮುಖ ಸಿಂಡರಿಸಿದೆವು. ಅವರೂ ಬರಬರುತ್ತ ನಮ್ಮ ಮುಖವನ್ನು ನೋಡಿಯೇ ಪಾಠದ ವೇಗವನ್ನು ಹೊಂದಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ತರುಣ ಸಹಪಾಠಿಯೊಬ್ಬನು ಇದಕ್ಕಾಗಿ ನಮ್ಮ ಮೇಲೆ ಆಕ್ಷೇಪಣೆಯನ್ನೂ ಮಾಡಿದನು.

ಇದರಲ್ಲಿ ಒಂದು ಗುಣವನ್ನು ಒಪ್ಪಲೇಬೇಕು. ಪಾಠವೆಲ್ಲ ಮುದ್ರಿತವಾಗಿ ಉಳಿಯುತ್ತದೆ. ಬೇಕಾದ ಕಡೆ ನಿಲ್ಲಿಸಿ ಮೂರು ಸಲ ಕೇಳಬಹುದು. ಆವೃತ್ತಿಯಿಂದಲೇ ವಿದ್ಯೆಯೆಂದು ಬೆಳೆದ ನಮಗೆ ಇದಕ್ಕಿಂತ ಹಿತವಾದ ಏರ್ಪಾಡು ಇಲ್ಲ. ಹುಡುಗರು ಅದನ್ನೇ ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುವರಂತೆ. ನಾವು ಅರ್ಧ ವೇಗದಲ್ಲಿ ಕೇಳಿದೆವು. ಇಂಗ್ಲಿಷು ನಮಗೆ ಪರಕೀಯವಲ್ಲವಾದರೂ, ಈ ಶಾಸ್ತ್ರದ ಇಂಗ್ಲಿಷು ಒಂದು ಬೇರೆ ಪ್ರಾಕೃತ.

ಪರೀಕ್ಷೆಯ ಕಥೆ ಬೇರೆ. ಅದನ್ನು ಮನೆಯಲ್ಲಿಯೇ ಬರೆಯಬೇಕು, ಕಾವಲಿಗೆ ಯಂತ್ರ. ಕಣ್ಣು ಅತ್ತಿತ್ತ ಹೊರಳಿದರೆ, ಎರಡನೆಯ ಮುಖ ಕಂಡರೆ, ಮಾತು ಕೇಳಿದರೆ ಅದು ಕೆಂಪಕ್ಷರದಲ್ಲಿ ಎಚ್ಚರಿಕೆ ಕೊಡುವುದು. ಮೂರು ಎಚ್ಚರಿಕೆಗೆ ಪರೀಕ್ಷೆ ರದ್ದು. ನಾವು ವಾಕ್ಯವನ್ನು ಬರೆಯುವ ಮುನ್ನ ತುಟಿಯಲ್ಲಿ ಉಚ್ಚರಿಸಿ ನೋಡುವವರು. ಬಾಲ್ಯದ ಪಾಠಶಾಲೆಯಲ್ಲಿ ಅಂಟಿದ ಅಭ್ಯಾಸ. ಯಂತ್ರವು ನಾವು ಯಾರೊಡನೆಯೋ ಸಂಭಾಷಿಸುತ್ತಿರುವೆವೆಂದು ತಿಳಿದು ಮೊದಲ ಅರ್ಧ ಗಂಟೆಯೊಳಗೆ ಎರಡು ಸಲ ಗದರಿತು. ಉಳಿದ ಒಂದೂವರೆ ಗಂಟೆ ತುಟಿ ಕಚ್ಚಿಕೊಂಡು ಬರೆದೆವು. ಅಷ್ಟರಲ್ಲಿ ಮನೆಯಾಕೆ ಕಾಫಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು. ಕಣ್ಣು ಹೊರಳಿಸುವಂತಿಲ್ಲ, ಬೇಡವೆನ್ನುವಂತಿಲ್ಲ. ಅವಳ ಮುಖ ಚೌಕದೊಳಗೆ ಬಂದರೆ ಎರಡು ವರ್ಷದ ವ್ಯಾಸಂಗ ನೀರಿನಲ್ಲಿ ಹೋಮ. ಎಡಗೈಯನ್ನು ಮೇಜಿನ ಕೆಳಗೆ ಬೀಸಿದೆವು. ಅವಳು ಅದನ್ನು ವಾತದ ಲಕ್ಷಣವೆಂದು ಭಾವಿಸಿ ಎಣ್ಣೆ ತರಲು ಹಿಂದಿರುಗಿದ್ದರಿಂದ ನಾವು ಉಳಿದೆವು.

ಇನ್ನು ಶಾಸ್ತ್ರದ ಮಾತು. ಪಟ್ಟಣವೆಂದರೇನೆಂಬ ಲಕ್ಷಣದಿಂದ ಪಾಠ ಮೊದಲಾಯಿತು. ಜನಗಣತಿಯವರ ಲಕ್ಷಣ ಹೀಗಿದೆ: ಐದು ಸಾವಿರಕ್ಕೆ ಕಡಮೆಯಿಲ್ಲದ ಜನಸಂಖ್ಯೆ, ಚದರ ಕಿಲೋಮೀಟರಿಗೆ ನಾನೂರಕ್ಕೆ ಕಡಮೆಯಿಲ್ಲದ ಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿಯಾದರೂ ಬೇಸಾಯವಲ್ಲದ ಕಸುಬಿನಲ್ಲಿರಬೇಕು. ಇದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಕ್ಕಿ ಆರಿಸುತ್ತಿದ್ದ ನಮ್ಮ ಮನೆಯಾಕೆ ತಲೆಯೆತ್ತಿ, "ಹೆಂಗಸರು ಏನು ಮಾಡುತ್ತಾರೆಂದು ನೋಡುವುದಿಲ್ಲವೋ?" ಎಂದಳು. ನೋಡುವುದಿಲ್ಲ. ಈ ಲಕ್ಷಣದಲ್ಲಿ ಅವ್ಯಾಪ್ತಿದೋಷವುಂಟೆಂದು ಮರುದಿನ ತರಗತಿಯಲ್ಲಿ ತಿಳಿಸಿದೆವು. ಪ್ರಶ್ನೆ ಯಾರದೆಂಬುದನ್ನೂ ತಿಳಿಸಿದೆವು. ಅಧ್ಯಾಪಿಕೆ ಅದರ ಮೇಲೆ ಅರ್ಧ ಗಂಟೆ ಮಾತನಾಡಿದರು. ಆ ದಿನದಿಂದ ಮನೆಯಾಕೆ ಏಳು ಗಂಟೆಯ ಪಾಠಕ್ಕೆ ಪರದೆಯ ಹಿಂಬದಿಯಲ್ಲಿ ಕುಳಿತು ಶ್ರವಣ ಮಾಡತೊಡಗಿದಳು. ಅವಳಿಗೆ ಶುಲ್ಕವಿಲ್ಲ.

ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿ ೧೯೯೨ರಲ್ಲಿ ಅಂಗೀಕೃತವಾಗಿ ೧೯೯೩ರ ಜೂನ್ ೧ರಿಂದ ಜಾರಿಗೆ ಬಂದಿತು. ಪುರಸಭೆಗಳಿಗೆ ಒಪ್ಪಿಸಬಹುದಾದ ಹದಿನೆಂಟು ಕಾರ್ಯಗಳ ಪಟ್ಟಿಯೊಂದು ಅದರೊಡನೆ ಬಂದಿದೆ: ನಗರಯೋಜನೆ, ನೀರು, ನೈರ್ಮಲ್ಯ, ಅಗ್ನಿಶಮನ, ಉದ್ಯಾನ, ಬೀದಿದೀಪ, ದನದ ದೊಡ್ಡಿ, ಕಸಾಯಿಖಾನೆಯ ನಿಯಂತ್ರಣ, ಜನನ ಮರಣಗಳ ದಾಖಲೆ, ಸ್ಮಶಾನ. ಜಾತಕರ್ಮದಿಂದ ಅಂತ್ಯೇಷ್ಟಿಯವರೆಗೆ ಮನುಷ್ಯನ ಜೊತೆಯಲ್ಲಿ ನಡೆಯುವ ಪುರೋಹಿತನೆಂದರೆ ಪುರಸಭೆಯೇ. ಆದರೆ 'ಒಪ್ಪಿಸಬಹುದು' ಎಂಬ ಕ್ರಿಯಾಪದದ ಮೇಲೆ ನಮ್ಮ ಕಣ್ಣು ನಿಂತಿತು. ವಿಧಿಗೂ ಅನುಜ್ಞೆಗೂ ಇರುವ ಭೇದವು ಮೀಮಾಂಸೆಯನ್ನು ಸ್ವಲ್ಪ ಓದಿದವನಿಗೂ ಗೊತ್ತು. ರಾಜ್ಯದ ಶಾಸನಸಭೆಯು ಈ ಕಾರ್ಯಗಳನ್ನು ಪುರಸಭೆಗೆ ಕೊಡಬಹುದು, ಕೊಡತಕ್ಕದ್ದು ಎಂದಿಲ್ಲ. ಐದು ವರ್ಷದ ಅವಧಿ ಮುಗಿಯುವ ಮುನ್ನ ಚುನಾವಣೆ ನಡೆಯತಕ್ಕದ್ದು ಎಂಬುದಾದರೋ ಶುದ್ಧವಾದ ವಿಧಿ. ಹಾಗಿದ್ದೂ ಬೆಂಗಳೂರಿನ ಬೃಹತ್ ಪಾಲಿಕೆಯ ಚುನಾಯಿತ ಸಭೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷಕಾಲ ಅಧಿಕಾರಿಗಳೇ ಆಳಿದರು. ೨೦೨೫ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನದಲ್ಲಿ ಐದು ಪಾಲಿಕೆಗಳನ್ನು ರಚಿಸಲಾಯಿತು. ವಿಧಿಯ ಗತಿಯೇ ಹೀಗಾದರೆ ಅನುಜ್ಞೆಯ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಶಾಲೆಯ ಮೋರಿಯ ಹತ್ತಿರಕ್ಕೆ ಬಂದೆವೆಂದು ಆಗಲೇ ನಮಗೆ ಅನ್ನಿಸಿತು.

ಪಾಠದಲ್ಲಿ ಬಂದ ಮಹನೀಯರಲ್ಲಿ ಇಬ್ಬರು ಮನಸ್ಸಿನಲ್ಲಿ ನಿಂತಿದ್ದಾರೆ. ಒಬ್ಬನು ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸ. ೧೯೧೪ರಲ್ಲಿ ಭಾರತಕ್ಕೆ ಬಂದು ಊರೂರು ಅಲೆದು, ೧೯೧೮ರಲ್ಲಿ ಇಂದೂರಿನ ದರ್ಬಾರಿಗೆ ದೊಡ್ಡ ವರದಿಯನ್ನು ಒಪ್ಪಿಸಿದನು. ಊರಿನಲ್ಲಿ ಪ್ಲೇಗಿನ ಉಪದ್ರವ. ಜನಕ್ಕೆ ಅಧಿಕಾರಿಗಳ ಮೇಲೆ ಅಪನಂಬಿಕೆ. ಗೆಡ್ಡಿಸನು ಆಜ್ಞೆಗಳ ದಾರಿಯನ್ನು ಬಿಟ್ಟು ದೀಪಾವಳಿಯ ಮೆರವಣಿಗೆಯನ್ನು ಹಿಡಿದನು. ಹಳೆಯ ಮಾರ್ಗಗಳಲ್ಲಿ ಹೋಗದೆ, ಯಾವ ಬೀದಿಯವರು ತಮ್ಮ ಮನೆಯಂಗಳಗಳನ್ನು ಹೆಚ್ಚು ಚೊಕ್ಕಟ ಮಾಡಿರುವರೋ ಆ ಬೀದಿಯಲ್ಲಿಯೇ ಮೆರವಣಿಗೆ ಹೋಗುವುದೆಂದು ಸಾರಿಸಿದನು. ಊರಿಗೆ ಊರೇ ಗುಡಿಸತೊಡಗಿತು. ಮೆರವಣಿಗೆಯಲ್ಲಿ ಝಾಡಮಾಲಿಗಳು ಹೊಸ ಬಿಳಿಯ ಬಟ್ಟೆಯುಟ್ಟು ಹೂವಿನಿಂದ ಅಲಂಕೃತರಾಗಿ ನಡೆದರು. ಪ್ಲೇಗಿನ ಇಲಿಯ ಪ್ರತಿಮೆಯನ್ನು ಕಡೆಗೆ ಸುಟ್ಟರು. ಅದೇ ಇಂದೂರು ನಗರವು ೨೦೧೭ರಿಂದ ೨೦೨೩ರವರೆಗೆ ದೇಶದ ಸ್ವಚ್ಛತಾ ಸಮೀಕ್ಷೆಯಲ್ಲಿ ಏಳು ಬಾರಿಯೂ ಮೊದಲ ಸ್ಥಾನದಲ್ಲಿ ನಿಂತಿತು. ಕಡೆಯ ವರ್ಷ ಸೂರತ್ತಿನೊಡನೆ ಹಂಚಿಕೊಂಡಿತು. ಹಳೆಯ ಮೆರವಣಿಗೆಗೂ ಇದಕ್ಕೂ ಕಾರ್ಯಕಾರಣಸಂಬಂಧವನ್ನು ಕಲ್ಪಿಸುವ ಸಾಹಸವನ್ನು ನಾವು ಮಾಡುವುದಿಲ್ಲ.

ಇನ್ನೊಬ್ಬಾಕೆ ಎಲಿನಾರ್ ಆಸ್ಟ್ರಮ್. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲನೆಯ ಮಹಿಳೆ. ೧೯೭೦ರ ಸುಮಾರಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಮೊದಲಾದ ಊರುಗಳಲ್ಲಿ ಆಕೆಯೂ ಸಂಗಡಿಗರೂ ಪೋಲೀಸು ಇಲಾಖೆಗಳನ್ನು ಪರಿಶೀಲಿಸಿ, ದೊಡ್ಡ ಇಲಾಖೆಯೇ ಮೇಲೆಂಬ ನಂಬಿಕೆ ಎಲ್ಲ ಕಡೆಯೂ ನಿಲ್ಲದೆಂದು ತೋರಿಸಿದರು. ಆ ಶೋಧನೆಯಿಂದ ಹುಟ್ಟಿದ ವಿಚಾರವನ್ನು ನಾವು ಕನ್ನಡದಲ್ಲಿ ಸಹೋತ್ಪಾದನೆಯೆಂದು ಕರೆದುಕೊಂಡೆವು. ಬಟ್ಟೆಯನ್ನೋ ಬೆಲ್ಲವನ್ನೋ ಒಬ್ಬನು ಮಾಡಿ ಇನ್ನೊಬ್ಬನಿಗೆ ಮಾರಬಹುದು. ಕಾವಲು, ಆರೋಗ್ಯ, ನೈರ್ಮಲ್ಯ ಇವು ಹಾಗಲ್ಲ. ಪಡೆಯುವವನು ಕೈಹಾಕದೆ ಕೊಡುವವನೊಬ್ಬನೇ ಮಾಡಿ ಮುಗಿಸಲಾರನು. ಇದನ್ನು ಅರ್ಥಮಾಡಿಕೊಳ್ಳಲು ಎಂಜಿನಿಯರು ಸಹಪಾಠಿಗಳಿಗೆ ಎರಡು ಪಾಠ ಹಿಡಿಯಿತು. ನಮಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಮೂವತ್ತನಾಲ್ಕು ವರ್ಷ ಹುಡುಗರ ಮುಂದೆ ನಿಂತವನಿಗೆ, ಕಲಿಯದವನಿಗೆ ಕಲಿಸಲಾಗದೆಂಬುದನ್ನು ಅಮೆರಿಕದವರು ಹೇಳಬೇಕೇ?

ಎರಡನೆಯ ವರ್ಷ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಸೇವೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಅನುಸರಿಸಿ ಬರೆಯಬೇಕಾಗಿತ್ತು. ನಾವು ಕಸವನ್ನು ಆರಿಸಿಕೊಂಡೆವು. ದಿನವೂ ಬೆಳಗ್ಗೆ ಹಾಡು ಹಾಕಿಕೊಂಡು ಬಾಗಿಲಿಗೇ ಬರುವ ಸೇವೆ ಅದೊಂದೇ. ನಮ್ಮ ಗುಂಪಿನಲ್ಲಿ ಉತ್ತರ ಕರ್ನಾಟಕದ ಪುರಸಭೆಯೊಂದರ ಆರೋಗ್ಯ ನಿರೀಕ್ಷಕಿ ಒಬ್ಬರಿದ್ದರು. ಬೆಳಗ್ಗೆ ಐದಕ್ಕೆ ಕೆಲಸದವರ ಹಾಜರಿ ಹಿಡಿದು, ಸಂಜೆ ಏಳಕ್ಕೆ ಪಾಠಕ್ಕೆ ಬರುತ್ತಿದ್ದ ಗಟ್ಟಿ ಹೆಣ್ಣುಮಗಳು. ನಾವು ಮೊದಲು ಬರೆದ ಪೀಠಿಕೆಯನ್ನು ಓದಿ ಆಕೆ, "ಸರ್, ಕೌಟಿಲ್ಯ ಛಲೋ ಬಂದಾನ್ರಿ. ನಿಮ್ಮ ವಾರ್ಡಿಗೆ ಗಾಡಿ ಎಷ್ಟ ಅದಾವ? ಎಷ್ಟ ಟ್ರಿಪ್ ಹೊಡೀತಾವ?" ಎಂದು ಕೇಳಿದರು. ಹದಿನಾಲ್ಕು ದಿನ ಬೆಳಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎಣಿಸಿದೆವು. ನಮ್ಮ ಬೀದಿಯ ಎಂಬತ್ತೆರಡು ಮನೆಗಳಲ್ಲಿ ಹಸಿ ಕಸವನ್ನೂ ಒಣ ಕಸವನ್ನೂ ಬೇರ್ಪಡಿಸಿ ಕೊಡುತ್ತಿದ್ದವು ಹನ್ನೊಂದು. ಮಿಕ್ಕವರದು ಒಂದೇ ಚೀಲ. ಅನ್ನ, ಗಾಜಿನ ಚೂರು, ಮಗುವಿನ ಡಯಾಪರು, ದೇವರ ನಿರ್ಮಾಲ್ಯ ಎಲ್ಲವೂ ಅದರೊಳಗೆ ಅದ್ವೈತ. ಆ ಚೀಲವನ್ನು ಗಾಡಿಯ ಹೆಂಗಸು ಬರಿಗೈಯಲ್ಲಿ ಬಿಚ್ಚಿ, ಓಡುವ ಗಾಡಿಯ ಮೇಲೆ ನಿಂತು ಬೇರ್ಪಡಿಸುವಳು. ಪುರದಲ್ಲಿ ಇರುವವನೇ ಪೌರನೆಂಬುದು ತದ್ಧಿತದ ಅರ್ಥ. ಆದರೆ ನಮ್ಮ ನುಡಿಯಲ್ಲಿ ಆ ಶಬ್ದವನ್ನು ಕಸುಬಿನ ಹೆಸರಾಗಿ ಧರಿಸಿರುವವರು ಈ ಪೌರಕಾರ್ಮಿಕರು.

ಗಾಡಿಯ ಹಿಂದೆ ಒಂದು ದಿನ ಸ್ಕೂಟರಿನಲ್ಲಿ ಹೊರಟೆವು. ಊರಿಂದ ಏಳು ಮೈಲಿ ದೂರದ ಹಳ್ಳಿಯೊಂದರ ಗೋಮಾಳದಲ್ಲಿ ಅದು ತನ್ನ ಹೊರೆಯನ್ನು ಸುರಿಯಿತು. ಅಲ್ಲಿಂದ ನಮ್ಮ ಶಾಲೆಗೆ ನಡೆದುಕೊಂಡು ಬಂದು ಓದಿದ ಹುಡುಗರು ಎಷ್ಟೋ ಮಂದಿ. ಅವರಲ್ಲೊಬ್ಬನು ಈಗ ಅದೇ ಗೋಮಾಳದ ಅಂಚಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ನಮ್ಮನ್ನು ಗುರುತಿಸಿ ಓಡಿಬಂದು, ಕಾಲು ಮುಟ್ಟಿ, ಜಗುಲಿಯ ಮೇಲೆ ಕೂಡಿಸಿದನು. ಬಾಯಾರಿತ್ತು, ನೀರು ಕೇಳಿದೆವು. ಅವನು ತೋಟಕ್ಕೆ ಹೋಗಿ ಎಳನೀರು ಕೆಡವಿ ತಂದನು. ನೀರೇ ಸಾಕಾಗಿತ್ತಲ್ಲಪ್ಪಾ ಎಂದದ್ದಕ್ಕೆ, "ನಮ್ಮ ಬಾವಿ ನೀರು ನಿಮಗೆ ಕೊಡಲಾರೆ ಮೇಷ್ಟ್ರೇ" ಎಂದನು. ಇಷ್ಟೇ ಹೇಳಿದ್ದು. ನಮ್ಮ ಬೀದಿಯ ಹೆಸರನ್ನೂ ಎತ್ತಲಿಲ್ಲ. ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರವು ೨೦೧೨ರಲ್ಲಿಯೂ ಮಂಡೂರು ೨೦೧೪ರಲ್ಲಿಯೂ ಎದ್ದುನಿಂತು ಗಾಡಿಗಳನ್ನು ನಿಲ್ಲಿಸಿದ್ದನ್ನು ಪಾಠದಲ್ಲಿ ಓದಿ, ಉತ್ತರಪತ್ರಿಕೆಯಲ್ಲಿ ಬರೆದು, ಒಳ್ಳೆಯ ಅಂಕವನ್ನೂ ಪಡೆದಿದ್ದೆವು. ಆ ಎಳನೀರನ್ನು ಕುಡಿದು ಮುಗಿಸುವುದು ಮಾತ್ರ ನಮಗೆ ಬಹಳ ಕಷ್ಟವಾಯಿತು.

ಈ ವರದಿಯನ್ನು ಬರೆಯುತ್ತಿದ್ದ ಕಾಲಕ್ಕೇ ನಮ್ಮ ಬೀದಿಯಲ್ಲಿ ಒಂದು ಪ್ರಸಂಗ ಹುಟ್ಟಿಕೊಂಡಿತು. ಬೀದಿಯ ಕೊನೆಯಲ್ಲಿ ಪುರಸಭೆಯದೊಂದು ಖಾಲಿ ನಿವೇಶನವಿದೆ. ಅಲ್ಲಿ ಒಣ ಕಸವನ್ನು ತಂದು ಬೇರ್ಪಡಿಸುವ ಒಂದು ಷೆಡ್ಡನ್ನು ಕಟ್ಟುವುದೆಂದು ಅಧಿಕಾರಿಗಳು ನಿಶ್ಚಯಿಸಿದರು. ಕಾಗದ, ಪ್ಲಾಸ್ಟಿಕ್ಕು, ಲೋಹಗಳು ಊರಿನಲ್ಲಿಯೇ ಬೇರೆಯಾದರೆ ಹಳ್ಳಿಗೆ ಹೋಗುವ ಹೊರೆ ಅಷ್ಟರಮಟ್ಟಿಗೆ ಇಳಿಯುವುದು. ೨೦೧೬ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿಯೇ ಮೂರು ಬಗೆಯಾಗಿ ಬೇರ್ಪಡಿಸಬೇಕೆಂದು ವಿಧಿಸಿದ್ದುದರ ಮುಂದಿನ ಹೆಜ್ಜೆ ಇದು. ಸುದ್ದಿ ಹಬ್ಬಿದ ಸಂಜೆಯೇ ಬೀದಿಯ ಹಿರಿಯರು ಸಭೆ ಸೇರಿದರು. ಇದು ಗೌರವಸ್ಥರ ಬೀದಿ. ಸೊಳ್ಳೆ, ಇಲಿ, ದುರ್ವಾಸನೆ. ನಿವೇಶನದ ಬೆಲೆ ಬೀಳುವುದು. ಹೆಣ್ಣುಮಕ್ಕಳನ್ನು ನೋಡಬಂದವರು ಏನೆಂದುಕೊಂಡಾರು! ಅರ್ಜಿಯೊಂದನ್ನು ಬರೆಯಬೇಕೆಂದಾಯಿತು. ಬರೆಯುವುದಕ್ಕೆ ನಮಗಿಂತ ಯೋಗ್ಯರುಂಟೇ? ಕಾಗದ ಲೇಖನಿಗಳೊಡನೆ ನಮ್ಮ ಮನೆಗೆ ಬಂದರು. ಮುಂದಾಳಾಗಿ ಬಂದವರು ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಸ್ನೇಹಿತರು; ಇಪ್ಪತ್ತು ವರ್ಷ ನಮ್ಮೊಡನೆ ಸಂಜೆಯ ತಿರುಗಾಟ ಮಾಡಿದವರು; ನಮ್ಮ ಮಗಳ ಮದುವೆಯಲ್ಲಿ ಉಗ್ರಾಣದ ಬೀಗದಕೈ ಇದ್ದದ್ದು ಅವರ ಸೊಂಟದಲ್ಲಿ.

ಬರೆಯಲಾರೆವೆಂದೆವು. ಸಹಿಯನ್ನೂ ಮಾಡಲಾರೆವೆಂದೆವು.

ಅವರು ನಗೆಯಾಡುತ್ತಿರುವೆವೆಂದು ತಿಳಿದರು. ಆಗ ನಾವ��� ಆ ಹಳ್ಳಿಯ ವಿಚಾರವನ್ನು ಹೇಳಿದೆವು. "ಅದಕ್ಕೆ ನಾವೇನು ಮಾಡೋಣ? ತೆರಿಗೆ ಕಟ್ಟುತ್ತೇವೆ" ಎಂದರು ಸ್ನೇಹಿತರು. ಪುರಸಭೆಯ ಆಯವ್ಯಯವನ್ನು ವ್ಯಾಸಂಗದ ಸಲುವಾಗಿ ನಾವು ಓದಿದ್ದೆವು. ನಮ್ಮ ಬೀದಿಯವರು ಕಟ್ಟುವ ನೀರಿನ ಕರವು ನದಿಯಿಂದ ಆ ನೀರನ್ನು ಎತ್ತುವ ವಿದ್ಯುತ್ತಿನ ಬಿಲ್ಲಿಗೇ ಸಾಲದು. ಮನೆಗಂದಾಯವು ಒಟ್ಟು ಖರ್ಚಿನ ಒಂದು ಮೂಲೆಗೆ ಬಂದರೆ ಹೆಚ್ಚು. ಮಿಕ್ಕದ್ದು ಸರಕಾರದ ಅನುದಾನ. ಆ ಅನುದಾನದಲ್ಲಿ ಹಳ್ಳಿಯವನು ಕೊಂಡ ಬೆಂಕಿಪೊಟ್ಟಣದ ತೆರಿಗೆಯೂ ಸೇರಿದೆ. ಇದನ್ನೂ ಹೇಳಿದೆವು. ಬಹುಶಃ ಮೇಷ್ಟ್ರ ದನಿಯಲ್ಲಿ ಹೇಳಿದೆವೋ ಏನೋ, ಸ್ನೇಹಿತರ ಮುಖ ಕೆಂಪಾಯಿತು. "ಅರುವತ್ತರ ಮೇಲೆ ಓದಿದರೆ ಹೀಗೇ ಆಗುವುದು" ಎಂದು ಹೇಳಿ ಎದ್ದರು. ಅರ್ಜಿಯನ್ನು ಬೇರೆ ಯಾರಿಂದಲೋ ಬರೆಸಿದರು. ಎಪ್ಪತ್ತೊಂದು ಸಹಿಗಳಾದವು. ಅದರಲ್ಲಿ ಮೂರು ಕಡೆ ಷಷ್ಠೀವಿಭಕ್ತಿ ತಪ್ಪಿತ್ತೆಂದು ನಾವು ಆಮೇಲೆ ಪುರಸಭೆಯಲ್ಲಿ ನೋಡಿದೆವು.

ಅವರು ಹೋದ ಮೇಲೆ ಮನೆಯಾಕೆ, "ಸಹಿ ಹಾಕದ್ದು ಸರಿ. ಆದರೆ ವಾಸನೆ ಬಂದರೆ ಅದು ನನ್ನ ಅಡಿಗೆಮನೆಗೂ ಬರುತ್ತದೆ. ಅದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನಿದೆ?" ಎಂದಳು. ಈ ಪ್ರಶ್ನೆಗೆ ಪರದೆಯ ಮುಂದೆ ಉತ್ತರ ಸಿಕ್ಕುವಂತಿರಲಿಲ್ಲ. ಇಬ್ಬರೂ ಮೈಸೂರಿಗೆ ಹೋದೆವು. ಅಲ್ಲಿನ ಕುಂಬಾರಕೊಪ್ಪಲಿನಲ್ಲಿ ಕಸ ಬೇರ್ಪಡಿಸುವ ಘಟಕವೊಂದು ಮನೆಗಳ ನಡುವೆಯೇ ವರ್ಷಗಳಿಂದ ನಡೆಯುತ್ತಿದೆ. ಹಸಿ ಕಸ ಗೊಬ್ಬರವಾಗುತ್ತದೆ, ಒಣ ಕಸ ಬಗೆಬಗೆಯಾಗಿ ಬೇರೆಯಾಗಿ ಮಾರಾಟಕ್ಕೆ ಹೋಗುತ್ತದೆ. ನಾವು ಲೆಕ್ಕಗಳನ್ನು ಕೇಳುತ್ತ ನಿಂತಿದ್ದಾಗ ಮನೆಯಾಕೆ ನೆರೆಯ ಮನೆಯ ಬಾಗಿಲು ತಟ್ಟಿ ಆ ಮನೆಯವಳೊಡನೆ ಮಾತಿಗಿಳಿದಳು. ಹಿಂದಿರುಗುವಾಗ ರೈಲಿನಲ್ಲಿ ಅವಳು ಹೇಳಿದ ವರದಿ ನಮ್ಮದಕ್ಕಿಂತ ಉತ್ತಮವಾಗಿತ್ತು: ಹಸಿ ಕಸ ಕೂಡದಿದ್ದರೆ ವಾಸನೆಯಿಲ್ಲ, ಮಳೆಗಾಲದಲ್ಲಿ ಒಂದು ದಿನ ತಡವಾದರೂ ನೊಣ, ಮಾಡು ಗಟ್ಟಿಯಾಗಿರಬೇಕು, ಕೆಲಸದವರಿಗೆ ಕೈ ತೊಳೆಯಲು ನೀರೂ ಶೌಚಗೃಹವೂ ಇಲ್ಲದಿದ್ದರೆ ನೆರೆಯವರೊಡನೆ ನಿತ್ಯ ಜಗಳ.

ಅವಳ ಈ ನಾಲ್ಕು ಮಾತುಗಳನ್ನೇ ಕ್ರಮಪಡಿಸಿ, ಷೆಡ್ಡನ್ನು ಬೇಡವೆನ್ನದೆ, ಹೇಗಿರಬೇಕೆಂಬ ಷರತ್ತುಗಳನ್ನು ಬರೆದು ಪುರಸಭೆಗೆ ಒಯ್ದೆವು. ಒಣ ಕಸ ಮಾತ್ರ, ಬೇರ್ಪಟ್ಟದ್ದು ಎರಡು ದಿನದೊಳಗೆ ಸಾಗಬೇಕು, ಎತ್ತರದ ಗೋಡೆ, ಹಗಲು ಹೊತ್ತಿನಲ್ಲಿ ಮಾತ್ರ ಕೆಲಸ, ನೀರು, ಶೌಚಗೃಹ, ಕೈಗವಸು, ಬೀದಿಯವರಲ್ಲಿ ಇಬ್ಬರಿಗೆ ಯಾವಾಗ ಬೇಕಾದರೂ ಒಳಗೆ ಬಂದು ನೋಡುವ ಅಧಿಕಾರ. ಇಂತಹದನ್ನು ಹೇಳುವುದಕ್ಕೆ ವಾರ್ಡು ಸಮಿತಿಯೆಂಬ ಸ್ಥಾನವೊಂದು ಸಂವಿಧಾನದಲ್ಲಿದೆ. ಆದರೆ ಅದು ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ಊರುಗಳಿಗೆ ಮಾತ್ರ ಕಡ್ಡಾಯ. ನಮ್ಮಂತಹ ಸಣ್ಣ ಊರಿನವರು ಮೇಜಿನ ಈಚೆ ನಿಂತೇ ಮಾತನಾಡಬೇಕು. ಮುಖ್ಯಾಧಿಕಾರಿಗಳು ಎಪ್ಪತ್ತೊಂದು ಸಹಿಯ ಅರ್ಜಿಯನ್ನೂ ಒಂದು ಸಹಿಯ ನಮ್ಮ ಕಾಗದವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಎರಡು ಸಹಿಯೆಂದು ನಾವು ತಿದ್ದಿದೆವು; ಮನೆಯಾಕೆಯ ಸಹಿ ಮೇಲಿತ್ತು.

ಷೆಡ್ಡು ಎದ್ದಿತು. ನಮ್ಮ ಷರತ್ತುಗಳಲ್ಲಿ ಗೋಡೆ, ಮಾಡು, ನೀರಿನ ತೊಟ್ಟಿ ಬಂದಿವೆ. ಶೌಚಗೃಹಕ್ಕೆ ಗುಂಡಿ ತೋಡಿ ಬಿಟ್ಟಿದ್ದಾರೆ. ಒಳಗೆ ಬಂದು ನೋಡುವ ಅಧಿಕಾರದ ವಿಚಾರದಲ್ಲಿ ಇನ್ನೂ ಪತ್ರವ್ಯವಹಾರ ನಡೆದಿದೆ. ಗಾಡಿಯ ಮುಂದೆ ಬೇರ್ಪಡಿಸಿದ ಬುಟ್ಟಿ ಹಿಡಿಯುವ ಮನೆಗಳು ಹನ್ನೊಂದರಿಂದ ಇಪ್ಪತ್ತಾರಾಗಿವೆ. ಹೆಚ್ಚಿದ ಹದಿನೈದೂ ಮನೆಯಾಕೆಯ ಅರಿಸಿನಕುಂಕುಮದ ಸಂಚಾರದಿಂದಾದದ್ದು, ನಮ್ಮ ಅಂಕಿಗಳಿಂದಲ್ಲ. ವರದಿಯ ಮೇಲೆ ಅಧ್ಯಾಪಿಕೆ ಕೆಂಪು ಶಾಯಿಯಲ್ಲಿ, ಗೃಹಿಣಿಯ ಹೆಸರನ್ನು ಸಹಲೇಖಕಿಯಾಗಿ ಏಕೆ ಹಾಕಿಲ್ಲವೆಂದು ಕೇಳಿದ್ದಾರೆ. ನಿಯಮದಲ್ಲಿ ಅವಕಾಶವಿಲ್ಲವೆಂದು ಕಚೇರಿಯವರು ಉತ್ತರಿಸಿದ್ದಾರೆ. ಮೌಖಿಕ ಪರೀಕ್ಷೆ ಮುಂದಿನ ತಿಂಗಳು.

ಬ್ಯಾಂಕಿನ ಸ್ನೇಹಿತರು ಈಗ ಸಂಜೆ ಬೇರೆ ದಾರಿಯಲ್ಲಿ ತಿರುಗಾಡುತ್ತಾರೆ. ಉದ್ಯಾನದಲ್ಲಿ ಎದುರಾದರೆ ನಮಸ್ಕಾರವುಂಟು, ಮಾತಿಲ್ಲ. ನಮ್ಮಿಂದ ಓದಲು ಒಯ್ದಿದ್ದ ಎರಡು ಪುಸ್ತಕಗಳನ್ನು ಮೊಮ್ಮಗನ ಕೈಯಲ್ಲಿ ಕಳುಹಿಸಿಕೊಟ್ಟರು. ಒಂದರಲ್ಲಿ ಅವರು ಗುರುತಿಗೆ ಇಟ್ಟಿದ್ದ ಕಾಗದದ ಚೂರು ಅರ್ಧಕ್ಕೇ ಇತ್ತು. ಅದನ್ನು ಹಾಗೆಯೇ ಇಟ್ಟಿದ್ದೇವೆ. ಷೆಡ್ಡಿಗೆ ಬಾಗಿಲೂ ಕೂಡಿಸಿದ್ದಾಗಿದೆ. ಬೀಗ ಕೊಳ್ಳುವುದಕ್ಕೆ ಮಾತ್ರ ಇನ್ನೂ ಮಂಜೂರಾತಿ ಬಂದಿಲ್ಲವಂತೆ. ಸದ್ಯಕ್ಕೆ ನಮ್ಮ ಮನೆಯ ಹಿತ್ತಿಲಿನ ಬೀಗವನ್ನು ಹಾಕಿದೆ.